ಗೆಂಡೆಮೀನು ದನಿಯಿಲ್ಲದೆ ಕರೆಯುವುದೇಕೆ

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಬೆಟ್ಟಗಳಿಗೆ ತಮ್ಮ ಜಾಗ ಯಾವುದೆಂದು ಗಟ್ಟಿಯಾಗಿರಲಿಲ್ಲ. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಎದುರು ಸಿಕ್ಕ ಆಮೆಯನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಮೆಯ ಮಾತು ನಂಬಿದ ಹೊಳೆಗಳು ಇವತ್ತಿಗೂ ಸುತ್ತಿ ಬಳಸಿಯೇ ಹೋಗುತ್ತವೆ. ಅದು ಬೇರೆ ಕಥೆ, ಅದನ್ನು ಆಮೆಯೇ ಹೇಳಲಿ.

ಆ ಕಾಲದಲ್ಲಿ ಮಾತಿಗೆ ತೂಕವಿತ್ತು. ಬಯಲಲ್ಲಿ ಆಡಿದ ಮಾತನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಹೊಳೆಯ ಮೇಲೆ ಆಡಿದ ಮಾತು ತೇಲುತ್ತಾ ಸಮುದ್ರ ಸೇರುತ್ತಿತ್ತು. ಆದರೆ ಕೆರೆಯ ಮೇಲೆ ಆಡಿದ ಮಾತು ಎಲ್ಲಿಗೆ ಹೋಗಬೇಕು? ಕೆರೆ ನಿಂತ ನೀರು. ಮಾತು ಮೆಲ್ಲಗೆ ಮುಳುಗಿ, ತಳದ ಕೆಸರಿನಲ್ಲಿ ಕೂತುಬಿಡುತ್ತಿತ್ತು.

ಎರಡು ಬಂಡೆಗುಡ್ಡಗಳ ನಡುವೆ ಅಂಥದೊಂದು ಪುಟ್ಟ ಕೆರೆ ಇತ್ತು. ಈ ದಡದಲ್ಲಿ ಸೀನಿದರೆ ಆ ದಡದವರು ‘ನೆಗಡಿಯಾ?’ ಎಂದು ಕೇಳುವಷ್ಟು ಪುಟ್ಟದು. ದಡದಲ್ಲಿ ಬೆಸ್ತರ ಕೆಲವು ಗುಡಿಸಲುಗಳು. ಅವುಗಳಲ್ಲಿ ಒಂದು ಬೋರಕ್ಕನದು. ಗಂಡ ಪಾಲಯ್ಯ, ಮಗಳು ಸಣ್ಣಿ, ಒಂದು ತೆಪ್ಪ, ಅದಕ್ಕೊಂದು ಹುಟ್ಟು, ಒಂದು ಗಾಳ. ಅಷ್ಟೇ ಅವಳ ಸಂಸಾರ.

ಆ ದಡದವರಲ್ಲಿ ಒಂದು ಪದ್ಧತಿ. ನೀರಿಗೆ ಹೋದವರನ್ನು ಸಂಜೆ ದೀಪ ಹಚ್ಚುವ ಮುಂಚೆ ಮನೆಯವರು ದಡದಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು. ‘ಪಾಲಯ್ಯಾ, ಬಾ’ ಎನ್ನಬೇಕು. ಅವನು ಬಂದು ಹೊಸ್ತಿಲು ದಾಟಿದ ಮೇಲೆ, ಕರೆದವಳೇ ನೀರಿನ ಕಡೆ ತಿರುಗಿ ‘ಪಾಲಯ್ಯ ಬಂದ’ ಎನ್ನಬೇಕು. ಆಗ ಕರೆ ಮುಗಿಯಿತು. ಬಾಗಿಲು ತೆರೆದವರೇ ಮುಚ್ಚಬೇಕಲ್ಲ, ಹಾಗೆ.

ಗಂಡನ ಹೆಸರನ್ನು ಹೆಂಗಸರು ಬಾಯಿ ಬಿಟ್ಟು ಹೇಳುವ ರೂಢಿ ಇರಲಿಲ್ಲ. ಮನೆಯಲ್ಲಿ ‘ಇವರು’, ಹೊರಗೆ ‘ನಮ್ಮನೆಯವರು’. ಬಾಯಿ ತುಂಬ ಹೆಸರು ಹೇಳಲು ಸಿಗುತ್ತಿದ್ದುದು ಆ ಸಂಜೆಯ ಹೊತ್ತು ಮಾತ್ರ. ಬೋರಕ್ಕ ಅದಕ್ಕಾಗಿ ಬೆಳಗಿನಿಂದ ಕಾಯುತ್ತಿದ್ದಳು. ಪಾಲಯ್ಯನೂ ಕಳ್ಳನೇ. ದಡ ಹತ್ತಿರ ಬಂದಿದ್ದರೂ ಜೊಂಡುಹುಲ್ಲಿನ ಮರೆಯಲ್ಲಿ ತೆಪ್ಪ ನಿಲ್ಲಿಸಿ, ಇನ್ನೊಂದು ಸಲ ಕರೆಯಲಿ ಎಂದು ಸುಮ್ಮನೆ ಕೂತಿರುತ್ತಿದ್ದ. ಅವನು ಅಲ್ಲಿದ್ದಾನೆಂದು ಅವಳಿಗೂ ಗೊತ್ತಿರುತ್ತಿತ್ತು. ಆದರೂ ಕರೆಯುತ್ತಿದ್ದಳು.

ಬಿಸಿಲು ಚೆನ್ನಾಗಿದ್ದ ದಿನ ಪಾಲಯ್ಯ ಸೊಂಟದುದ್ದ ನೀರಿನಲ್ಲಿ ನಿಂತು ಮಗಳಿಗೆ ಈಜು ಕಲಿಸುತ್ತಿದ್ದ. ‘ಬಾ ಮಗಾ. ಇನ್ನೊಂದು ಹೆಜ್ಜೆ. ನಾನಿದೀನಿ’ ಎನ್ನುತ್ತಿದ್ದ. ಸಣ್ಣಿ ಮೊಣಕಾಲು ನೆನೆಯುವಷ್ಟು ಬಂದು, ಕಿರುಚಿ, ವಾಪಸ್ ಓಡುತ್ತಿದ್ದಳು. ಅವನು ನಗುತ್ತಿದ್ದ. ಆ ನಗುವೂ ಆ ಮಾತೂ ಮೆಲ್ಲಗೆ ಮುಳುಗಿ ಕೆಸರಿಗಿಳಿಯುತ್ತಿದ್ದವು. ಯಾರು ಗಮನಿಸುತ್ತಾರೆ?

ಒಂದು ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಪಾಲಯ್ಯ ತೆಪ್ಪ ತಳ್ಳಿಕೊಂಡು ಹೋದ. ಮಂಜು ಕರಗಿದಾಗ ತೆಪ್ಪ ಮಾತ್ರ ದಡಕ್ಕೆ ಬಂದು ನಿಂತಿತ್ತು, ಸಾಕಿದ ಎಮ್ಮೆ ತಾನೇ ಮನೆಗೆ ಬಂದ ಹಾಗೆ.

ಊರವರು ಗಳ ಹಾಕಿ ಹುಡುಕಿದರು, ಬಲೆ ಎಳೆದರು. ಅಷ್ಟು ಪುಟ್ಟ ಕೆರೆ, ಏನೂ ಸಿಗಲಿಲ್ಲ. ಆ ಸಂಜೆ ಬೋರಕ್ಕ ಎಂದಿನಂತೆ ದಡಕ್ಕೆ ಬಂದು ಕರೆದಳು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮರುದಿನವೂ ಕರೆದಳು. ಹಸಿದಿರುತ್ತಾನೆ ಎಂದು, ದಡದ ಹೊಂಗೆಮರದ ಬುಡದಲ್ಲಿ ನಿಂತು ಒಂದು ರಾಗಿಮುದ್ದೆಯನ್ನೂ ನೀರಿಗೆ ಬಿಟ್ಟಳು. ದಿನಾ ಅದೇ ಜಾಗ, ಅದೇ ಹೊತ್ತು, ಅದೇ ಮುದ್ದೆ, ಅದೇ ಕರೆ. ‘ಪಾಲಯ್ಯಾ, ಬಾ.’

ಕರೆ ಮುಗಿಸುವ ಮಾತನ್ನು ಮಾತ್ರ ಅವಳು ಹೇಳಲಿಲ್ಲ. ಬಾರದವನನ್ನು ಬಂದ ಎನ್ನುವುದು ಹೇಗೆ?

ಈಗ ಗೆಂಡೆಮೀನಿನ ವಿಚಾರಕ್ಕೆ ಬರೋಣ. ಆಗಿನ ಗೆಂಡೆಗೆ ಮೀಸೆ ಇರಲಿಲ್ಲ. ನೀರಿನ ಮೇಲ್ಭಾಗದಲ್ಲಿ ಪಾಚಿ ಮೇಯ್ದುಕೊಂಡು, ಕೆಸರೆಂದರೆ ಮೂಗು ಮುರಿಯುತ್ತಾ ಇರುವ ಬಿಗುಮಾನದ ಮೀನು ಅದು. ಆ ಕೆರೆಯಲ್ಲೊಂದು ಹಳೆಯ ಗೆಂಡೆ ಇತ್ತು, ಬಿಂದಿಗೆಯಷ್ಟು ದಪ್ಪ. ಹೊಂಗೆಯ ನೆರಳಲ್ಲಿ ಮುದ್ದೆ ಮುಳುಗುವುದನ್ನು ಅದು ನೋಡಿತು. ಹಿಂದೆಯೇ ಇಳಿಯಿತು. ಮುದ್ದೆ ಕೆಸರಿಗೆ ಬಿದ್ದು ಒಡೆದಿತ್ತು. ರುಚಿ ಹತ್ತಿದ ಬಾಯಿ ಸುಮ್ಮನಿರುತ್ತದೆಯೇ? ಗೆಂಡೆ ಕೆಸರು ಸಮೇತ ಹೀರಿತು. ಕೆಸರಿನಲ್ಲಿ ಪಾಲಯ್ಯ ಆಡಿದ ಮಾತುಗಳೆಲ್ಲ ಕೂತಿದ್ದವಲ್ಲ, ಅವೂ ಒಂದೊಂದಾಗಿ ಹೊಟ್ಟೆ ಸೇರಿದವು.

ಒಂದು ಸಂಜೆ ಬೋರಕ್ಕ ಕರೆದಳು. ‘ಪಾಲಯ್ಯಾ, ಬಾ.’

ನೀರಿನೊಳಗಿಂದ ಉತ್ತರ ಬಂತು. ‘ಬಂದೆ, ಇರು.’

ಅದೇ ದನಿ. ಹೊಗೆಸೊಪ್ಪಿಗೆ ಸ್ವಲ್ಪ ಒಡೆದ ಅವನದೇ ದನಿ. ಬೋರಕ್ಕ ಸೀರೆ ನೆನೆಯುವುದನ್ನೂ ನೋಡದೆ ನೀರಿಗಿಳಿದು ತಡಕಿದಳು. ಗುಳುಗುಳು ಎಂದು ಕೆಲವು ಗುಳ್ಳೆ ಎದ್ದವು, ಅಷ್ಟೇ.

ಮರುದಿನ ಅವಳು ಎರಡು ಮುದ್ದೆ ತಂದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಮುಳುಗಿದವನ ಹೆಂಡತಿಗೂ ಅಷ್ಟೇ.

ಅಕ್ಕಪಕ್ಕದವರು ಆ ದನಿ ಕೇಳಿ ಬಾಗಿಲು ಹಾಕಿಕೊಂಡರು. ಬೋರಕ್ಕ ಮಾತ್ರ ತಲೆ ಬಾಚಿಕೊಂಡು ದಡಕ್ಕೆ ಬರುತ್ತಿದ್ದಳು. ಅವಳಿಗೆ ಸಂತೋಷವಾಗಿತ್ತು. ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ, ಆದರೂ ಆಗಿತ್ತು.

ಇತ್ತ ಗೆಂಡೆ ಒಂದು ಪಾಠ ಕಲಿಯಿತು. ದನಿ ಹೊರಟರೆ ಮುದ್ದೆ ಬರುತ್ತದೆ. ಅದಕ್ಕೆ ಗೊತ್ತಿದ್ದುದು ಇಷ್ಟೇ. ಆಡುವ ಮಾತಿನ ಅರ್ಥ ಅದಕ್ಕೇನು ಗೊತ್ತು? ಹಸಿವಾದಾಗಲೆಲ್ಲ ಬಾಯಿಗೆ ಬಂದ ಮಾತು ಬಿಡತೊಡಗಿತು. ಮಧ್ಯಾಹ್ನ ಖಾಲಿ ಕೆರೆಯಿಂದ ‘ಹುಟ್ಟು ಕೊಡು’ ಎಂದು ಕೇಳುತ್ತಿತ್ತು. ಬೆಳಗಿನ ಮಂಜಿನಲ್ಲಿ ಒಂದು ನಗು ಕೇಳುತ್ತಿತ್ತು.

ಒಂದು ದಿನ ಹೊತ್ತಿಳಿಯುವಾಗ ಬೋರಕ್ಕ ಮುದ್ದೆ ಕಟ್ಟುತ್ತಿದ್ದಳು. ಹೊರಗಿಂದ ದನಿ ಬಂತು. ‘ಬಾ ಮಗಾ. ಇನ್ನೊಂದು ಹೆಜ್ಜೆ. ನಾನಿದೀನಿ.’

ಮುದ್ದೆಕೋಲು ಬಿಸಾಡಿ ಓಡಿ ಬಂದು ನೋಡಿದರೆ ಸಣ್ಣಿ ಎದೆಮಟ್ಟ ನೀರಿನಲ್ಲಿದ್ದಳು. ಕಿರುಚುತ್ತಿರಲಿಲ್ಲ, ಹೆದರಿರಲಿಲ್ಲ. ಎರಡೂ ಕೈ ಮುಂದೆ ಚಾಚಿಕೊಂಡು, ನಿದ್ದೆಯಲ್ಲಿ ನಡೆಯುವವಳ ಹಾಗೆ ನಡೆಯುತ್ತಿದ್ದಳು. ಬೋರಕ್ಕ ಜಡೆ ಹಿಡಿದು ದಡಕ್ಕೆಳೆದು, ಬೆನ್ನಿಗೊಂದು ಬಿಟ್ಟು, ಆಮೇಲೆ ಅಪ್ಪಿಕೊಂಡು ಕೂತಳು.

‘ಅಪ್ಪ ಕರೀತಲ್ಲವ್ವಾ’ ಎಂದಳು ಸಣ್ಣಿ. ಹಲ್ಲು ಕಟಕಟ ಎನ್ನುತ್ತಿದ್ದವು. ‘ಆದ್ರೆ ನನ್ನ ಗುಬ್ಬಿ ಅನ್ನೋದೇ ಇಲ್ಲ. ಬರೀ ಮಗಾ ಅಂತೈತೆ. ಅಪ್ಪಂಗೆ ನಾನು ಮರ್ತೋದ್ನಾ?’

ಗುಬ್ಬಿ ಎಂದು ಪಾಲಯ್ಯ ಕರೆಯುತ್ತಿದ್ದುದು ಮನೆಯೊಳಗೆ, ಒಲೆಯ ಮುಂದೆ ಮಾತ್ರ. ನೀರಿನ ಮೇಲೆ ಒಂದು ದಿನವೂ ಆ ಹೆಸರು ಹೇಳಿರಲಿಲ್ಲ. ಈ ದನಿಗೆ ನೀರಿನ ಮೇಲೆ ಆಡಿದ ಮಾತು ಮಾತ್ರ ಗೊತ್ತು, ಕರೆಯುತ್ತಿರುವುದು ಪಾಲಯ್ಯ ಅಲ್ಲ ಎಂದು ಬೋರಕ್ಕನಿಗೆ ಹೊಳೆಯಿತು.

ಅವಳು ಕೆರೆಯ ಕಡೆ ತಿರುಗಿದಳು. ‘ಗಂಡನ್ನ ತಿಂದೆ. ಸಾಲ್ದು ಅಂತ ಮಗಳನ್ನೂ ಕರೀತೀಯಾ?’

ಕೆರೆ ದಡವನ್ನು ಮೆಲ್ಲಗೆ ನೆಕ್ಕುತ್ತಾ ಹೇಳಿತು. ‘ನಂಗೆ ಕರೆಯೋಕೆ ಬಾಯಿ ಎಲ್ಲೈತೆ ತಾಯಿ? ಕರೆದವಳು ನೀನು. ನೀ ಶುರು ಮಾಡಿದ ಕರೆ ಇನ್ನೂ ಮುಗಿದಿಲ್ಲ. ಮುಗಿಯೋ ತನಕ ಯಾರಾದ್ರೂ ಬರ್ತಾನೇ ಇರಬೇಕಲ್ಲ.’

ಬೋರಕ್ಕನಿಗೆ ಆ ಮಾತು ಅರ್ಥವಾಯಿತು. ಅರ್ಥವಾಗದವಳಂತೆ ಎದ್ದು ಹೊರಟಳು. ಬೇಡದ ಮಾತು ಎಷ್ಟು ಚೆನ್ನಾಗಿ ಕೇಳಿಸಿದರೂ ಕಿವಿ ಕಿವುಡಾಗುತ್ತದೆ.

ದಡದ ಕಲ್ಲಿನ ಮೇಲೆ ಒಂದು ಮುದಿ ಕೊಕ್ಕರೆ ಒಂಟಿಕಾಲಲ್ಲಿ ನಿಂತು ಇದೆಲ್ಲ ನೋಡುತ್ತಿತ್ತು. ‘ನಿನ್ನ ಗಂಡನ ದನಿ ಗೆಂಡೆಯ ಹೊಟ್ಟೇಲೈತೆ’ ಎಂದಿತು ಅದು. ‘ದಿನಾ ಮುದ್ದೆ ಹಾಕಿ ಬೆಳೆಸಿದ್ದೀಯ. ಹಿಡೀತೀಯಾ?’

ಬೋರಕ್ಕನಿಗೆ ತಟ್ಟನೆ ಒಂದು ಆಸೆ ಹುಟ್ಟಿತು. ಹಿಡಿದು ಮನೆಯ ನೀರಿನ ಹರವಿಯಲ್ಲಿ ಇಟ್ಟುಕೊಂಡರೆ? ಮಗಳು ನೀರಿಗೆ ಹೋಗುವುದು ತಪ್ಪುತ್ತದೆ. ದನಿ ಮನೆಯಲ್ಲೇ ಇರುತ್ತದೆ. ಒಲೆಯ ಪಕ್ಕ ಕೂತು ದಿನಾ ಕೇಳಬಹುದು. ‘ಹಿಡೀತೀನಿ, ಹೇಳಿಕೊಡು’ ಎಂದಳು.

‘ಮೊದಲು ನಡೆಯೋದು ಕಲಿ’ ಎಂದಿತು ಕೊಕ್ಕರೆ, ಮುಖ ಸಿಂಡರಿಸಿ. ‘ರಾಗಿ ಕುಟ್ಟಿದ ಹಾಗೆ ನಡೀತೀಯ. ಹೆಜ್ಜೆ ಸದ್ದು ನೆಲದಾಗೆ ಇಳಿದು ಮೀನಿನ ಪಕ್ಕೆಗೆ ತಾಕುತ್ತೆ. ಸೂರ್ಯನ ಕಡೆ ಮುಖ ಮಾಡಿ ಕೂರು, ನಿನ್ನ ನೆರಳು ನಿನ್ನ ಬೆನ್ನಿಗೇ ಇರಲಿ. ನೀರಿಗೆ ನೆರಳು ಬಿತ್ತೋ, ಆ ದಿನ ಮುಗೀತು ಅಂತ ಎದ್ದು ಹೋಗು. ಮೊದಲನೇ ಮುದ್ದೆಗೆ ಗಾಳ ಇರಬಾರದು, ಅದು ನಂಬಿಕೆಗೆ. ಗಂಜಿ ಕುದ್ದ ಹಾಗೆ ಸಣ್ಣ ಸಣ್ಣ ಗುಳ್ಳೆ ಒಂದೇ ಕಡೆ ಎದ್ದರೆ ಕೆಳಗೆ ಅದು ಮೇಯ್ತಾ ಐತೆ ಅಂತ ಲೆಕ್ಕ. ಆಗ ಗಾಳದ ಉಂಡೆ ಬಿಡು, ಮೆತ್ತಗಿರಲಿ. ಗೆಂಡೆ ಹೀರಿ ಉಗುಳ್ತದೆ, ಹೀರಿ ಉಗುಳ್ತದೆ. ಮೇಲೆ ತೇಲೋ ಬೆಂಡು ಕುಣೀತು ಅಂತ ಎಳೆದ್ಯೋ, ಕೆಟ್ಟೆ. ಬೆಂಡು ಒರಗಿ, ತಾನಾಗಿ ನಡೆದು ಹೋಗ್ತದಲ್ಲ, ಆಗ ಎಳಿ.’

‘ಅಷ್ಟೇನಾ?’

‘ಅಷ್ಟೇ ಅಲ್ಲ. ಬಾಯಿ ಮುಚ್ಚಿಕೊಂಡಿರು. ಅದೇ ನಿನಗೆ ಕಷ್ಟ’ ಎಂದು ಕೊಕ್ಕರೆ ಇನ್ನೊಂದು ಕಾಲಿಗೆ ಬದಲಾಯಿಸಿತು.

ಬೋರಕ್ಕ ಪುಂಡಿನಾರು ತಂದು ನಾಲ್ಕು ಎಳೆ ಸೇರಿಸಿ ಹುರಿ ಹೊಸೆದಳು. ಪಾಲಯ್ಯ ಮೂಳೆ ಕೊರೆದು ಮಾಡಿದ್ದ ಗಾಳವನ್ನೂ ಒಂದು ಬೆಂಡನ್ನೂ ಅದಕ್ಕೆ ಕಟ್ಟಿದಳು. ಕೆಲವು ದಿನ ಬೆಳಗಿನ ಹೊತ್ತು ಬರಿಗಾಲಲ್ಲಿ ಹೋಗಿ, ಕರೆಯದೆ, ಮಾತಾಡದೆ, ಬರೀ ಮುದ್ದೆ ಬಿಟ್ಟು ಬಂದಳು. ಗಾಳಿ ಸುತ್ತ ಸುಳಿದು ‘ಏನು ಬೋರಕ್ಕ, ಮಾತೇ ಇಲ್ಲ?’ ಎಂದು ಕೆಣಕಿತು. ಅವಳು ತಿರುಗಿಯೂ ನೋಡಲಿಲ್ಲ.

ಹಿಡಿಯುವ ದಿನ ಹೊತ್ತು ಆಗ ತಾನೇ ಮೂಡುತ್ತಿತ್ತು. ಮಂಜು ನೀರಿಗಂಟಿಕೊಂಡಿತ್ತು. ಸಣ್ಣಿ ಮನೆಯಲ್ಲಿ ಮಲಗಿದ್ದಳು. ಬೋರಕ್ಕ ಹುರಿಯ ತುದಿಯನ್ನು ಹೊಂಗೆಯ ಬೇರಿಗೆ ಬಿಗಿದು, ಸೂರ್ಯನಿಗೆ ಮುಖ ಮಾಡಿ ಕೂತಳು. ಗಾಳವಿಲ್ಲದ ಮುದ್ದೆ ಬಿಟ್ಟಳು. ಕಾದಳು. ಗಂಜಿ ಕುದ್ದ ಹಾಗೆ ಗುಳ್ಳೆ ಎದ್ದವು. ಒಂದೊಂದು ಗುಳ್ಳೆ ಒಡೆದಾಗಲೂ ಒಂದೊಂದು ಚೂರು ಮಾತು ಹೊರಬರುತ್ತಿತ್ತು. ‘ಹುಟ್ಟು...’ ‘ಮಳೆ ಬರ...’ ‘ನಾನಿ...’ ಬೋರಕ್ಕ ತುಟಿ ಕಚ್ಚಿಕೊಂಡು ಗಾಳದ ಉಂಡೆ ಬಿಟ್ಟಳು.

ಬೆಂಡು ಕುಣಿಯಿತು. ಅವಳು ಎಳೆಯಲಿಲ್ಲ. ಮತ್ತೆ ಕುಣಿಯಿತು. ಎಳೆಯಲಿಲ್ಲ. ಆಮೇಲೆ ಬೆಂಡು ಒರಗಿತು, ಯಾರೋ ಕೈ ಹಿಡಿದು ಕರೆದೊಯ್ಯುವ ಹಾಗೆ ಮಂಜಿನೊಳಗೆ ನಡೆದು ಹೋಯಿತು.

ಎಳೆದಳು.

ಕೆರೆಯೆಲ್ಲ ಕಲಕಿತು. ಗೆಂಡೆ ಓಡಿತು, ತಿರುಗಿತು, ತಳಕ್ಕಿಳಿಯಿತು. ಹುರಿ ಅವಳ ಅಂಗೈ ಕೊಯ್ದಿತು. ಕೊನೆಗೆ ದಡದ ತೆಳುನೀರಿಗೆ ಅದು ಪಕ್ಕೆ ಕೊಟ್ಟು ಬಂತು. ತಾಮ್ರದ ಬಣ್ಣದ ದೊಡ್ಡ ಮೈ, ದುಂಡನೆಯ ತುಟಿ. ಅದು ಬಾಯಿ ತೆರೆಯಿತು.

‘ಮೆಲ್ಲಗೆ ಬಿಡಿಸು. ನೋಯ್ತದೆ.’

ಹಿಂದೊಮ್ಮೆ ತೆಪ್ಪದ ಮೇಲೆ ಬೆರಳಿಗೆ ಗಾಳ ಚುಚ್ಚಿಕೊಂಡಾಗ ಪಾಲಯ್ಯ ಹೇಳಿದ ಮಾತು. ಅಂದು ಬೋರಕ್ಕ ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ರಕ್ತ ನಿಲ್ಲಿಸಿದ್ದಳು. ಈಗ ಮೀನಿನ ತಲೆ ಸವರಿದಳು. ಕಣ್ಣೀರು ದಳದಳ ಇಳಿಯಿತು. ‘ಹೆದರಬ್ಯಾಡಿ’ ಎಂದಳು ಮೀನಿಗೆ, ಗಂಡನಿಗೆ ಹೇಳುವ ಹಾಗೆ. ‘ಮನೆಗೆ ಕರ್ಕೊಂಡು ಹೋಗ್ತೀನಿ. ಹರವಿ ತುಂಬಿಸಿಟ್ಟಿದೀನಿ.’

ಗೆಂಡೆ ಅವಳನ್ನು ನೋಡಿತು. ರೆಪ್ಪೆಯಿಲ್ಲದ ಕಣ್ಣು. ಅದರಲ್ಲಿ ಗುರುತೂ ಇರಲಿಲ್ಲ, ಕೋಪವೂ ಇರಲಿಲ್ಲ. ಉಸಿರು ಕಟ್ಟಿದ ಮೀನು ತನ್ನಲ್ಲಿದ್ದ ಮಾತುಗಳಲ್ಲೆಲ್ಲ ಗಟ್ಟಿಯಾದದ್ದನ್ನು ಹುಡುಕಿ ಕೂಗಿತು.

‘ಬಾ ಮಗಾ. ಇನ್ನೊಂದು ಹೆಜ್ಜೆ. ನಾನಿದೀನಿ.’

ಗುಡಿಸಲ ಬಾಗಿಲು ಕಿರ್ರೆಂದಿತು. ಸಣ್ಣಿ ಹೊರಗೆ ಬಂದಳು. ಕಣ್ಣು ತೆರೆದಿದ್ದವು, ನೋಟ ಇರಲಿಲ್ಲ. ತಾಯಿಯ ಪಕ್ಕದಲ್ಲೇ ಹಾದುಹೋದಳು, ಅಲ್ಲಿ ಯಾರೂ ಇಲ್ಲವೆಂಬಂತೆ. ಮೀನು ಇದ್ದುದು ದಡದಲ್ಲಿ. ಅವಳು ಹೋಗುತ್ತಿದ್ದುದು ನಡುನೀರಿಗೆ, ಅಪ್ಪ ನಿಲ್ಲುತ್ತಿದ್ದ ಜಾಗಕ್ಕೆ.

‘ಸಣ್ಣಿ, ನಿಲ್ಲೇ’ ಎಂದು ಬೋರಕ್ಕ ಕೂಗಿದಳು. ತಾಯಿಯ ದನಿಯನ್ನು ಗಾಳಿ ಎತ್ತಿಕೊಂಡು ಹೋಯಿತು. ಸಣ್ಣಿಯ ಸೊಂಟ ಮುಳುಗಿತು.

‘ಇನ್ನೊಂದು ಹೆಜ್ಜೆ’ ಎಂದಿತು ಗೆಂಡೆ, ಎಷ್ಟು ಪ್ರೀತಿಯಿಂದ.

ಸಣ್ಣಿಯ ಕುತ್ತಿಗೆ ಮುಳುಗಿತು. ಆಗ ಬೋರಕ್ಕ ಹುರಿಯನ್ನು ಕೈಬಿಟ್ಟಳು. ಎದ್ದು, ನೀರಿನ ಕಡೆ ನೇರ ನಿಂತು, ಪದ್ಧತಿಯಲ್ಲಿ ಹೇಗೆ ಹೇಳಬೇಕೋ ಹಾಗೆ, ಗಟ್ಟಿಯಾಗಿ ಹೇಳಿದಳು.

‘ಪಾಲಯ್ಯ ಬಂದ.’

ಕೆರೆ ಒಮ್ಮೆ ಉಸಿರು ಬಿಟ್ಟಿತು. ಮಂಜು ಅಲುಗಿತು. ಗೆಂಡೆ ‘ಬಾ’ ಎನ್ನಲು ತುಟಿ ಕೂಡಿಸಿತು, ತೆರೆಯಿತು. ದನಿ ಬರಲಿಲ್ಲ. ಮತ್ತೆ ಕೂಡಿಸಿತು, ತೆರೆಯಿತು. ಏನೂ ಇಲ್ಲ.

ನಡುನೀರಿನಲ್ಲಿ ಸಣ್ಣಿ ಎಚ್ಚೆತ್ತು, ತಾನೆಲ್ಲಿದ್ದೇನೆಂದು ನೋಡಿ, ಜೋರಾಗಿ ಅತ್ತಳು. ಬೋರಕ್ಕನಿಗೆ ಲೋಕದಲ್ಲಿ ಅಷ್ಟು ಚೆಂದದ ಸದ್ದು ಇನ್ನೊಂದಿಲ್ಲ ಅನ್ನಿಸಿತು. ಧುಮುಕಿ ಹೋಗಿ ಮಗಳನ್ನು ಎತ್ತಿಕೊಂಡಳು. ಅಷ್ಟರಲ್ಲಿ ಹಿಂದೆ ಹುರಿ ಪಟ್ ಎಂದು ಕಿತ್ತುಹೋಯಿತು. ಗೆಂಡೆ ಆಳಕ್ಕೆ ಇಳಿಯಿತು. ಹರಿದ ಹುರಿಯ ನಾಲ್ಕು ಎಳೆ ಬಿಚ್ಚಿಕೊಂಡು, ಬಾಯಿಯ ಆ ಕಡೆ ಎರಡು, ಈ ಕಡೆ ಎರಡು ಜೋತಾಡುತ್ತಿದ್ದವು.

‘ಅಪ್ಪ ಬಂತಾ ಅವ್ವಾ?’ ಎಂದಳು ಸಣ್ಣಿ, ತಾಯಿಯ ಹೆಗಲಿನಲ್ಲಿ. ಅವಳಿಗೂ ಆ ಮಾತು ಕೇಳಿಸಿತ್ತು.

‘ಬಂತು ಕಣೇ ಗುಬ್ಬಿ’ ಎಂದಳು ಬೋರಕ್ಕ. ‘ಮನೆಗೆ ಹೋಗಾನ ನಡಿ.’

ಆಮೇಲೆ ಅವಳು ಬಹಳ ವರ್ಷ ಬದುಕಿದಳು. ಸಣ್ಣಿಗೆ ಅವಳೇ ಈಜು ಕಲಿಸಿದಳು, ಬಾಯಿ ಬಿಡದೆ, ಬರೀ ಕೈಸನ್ನೆಯಲ್ಲಿ. ಆದರೆ ಪಾಲಯ್ಯ ಎಂಬ ಹೆಸರನ್ನು ಮತ್ತೆ ಒಂದು ಸಲವೂ ಹೇಳಲಿಲ್ಲ. ಹೆಸರು ಹೇಳಲು ಇದ್ದ ಆ ಸಂಜೆಯ ಹೊತ್ತೇ ಅವಳಿಗೆ ಉಳಿದಿರಲಿಲ್ಲ. ಕೆಲವು ಸಂಜೆ ಜೊಂಡುಹುಲ್ಲು ಅಲುಗಿದರೆ ಮಾತ್ರ, ಕೈಯಲ್ಲಿದ್ದ ಕೆಲಸ ಬಿಟ್ಟು ಸ್ವಲ್ಪ ಹೊತ್ತು ಆ ಕಡೆ ನೋಡುತ್ತಿದ್ದಳು.

ಅಂದಿನಿಂದ ಗೆಂಡೆಮೀನಿಗೆ ಬಾಯಿಯ ಪಕ್ಕ ನಾಲ್ಕು ಮೀಸೆ. ಆ ಮೀಸೆಯಲ್ಲಿ ಕೆಸರು ತಡಕುತ್ತಾ, ಹೀರುತ್ತಾ, ಉಗುಳುತ್ತಾ ಕಳೆದ ದನಿಯನ್ನು ಹುಡುಕುತ್ತಲೇ ಇದೆ. ಅದಕ್ಕೇ ಅದು ಮೇಯುವ ಕಡೆ ಗುಳ್ಳೆ ಏಳುತ್ತವೆ. ಅದಕ್ಕೇ ತಿಳಿದವರು ಗೆಂಡೆ ಹಿಡಿಯಲು ಕೂತರೆ ಮೊದಲ ಉಂಡೆಗೆ ಗಾಳ ಕಟ್ಟುವುದಿಲ್ಲ, ನೀರಿಗೆ ನೆರಳು ಬೀಳಿಸುವುದಿಲ್ಲ, ಪಕ್ಕದವನ ಹೆಸರು ಹಿಡಿದು ಕೂಗುವುದಂತೂ ಇಲ್ಲವೇ ಇಲ್ಲ.

ನಿನಗೆ ನಂಬಿಕೆ ಬರದಿದ್ದರೆ ಕನ್ನಡಿಯ ಮುಂದೆ ನಿಂತು ‘ಬಾ’ ಎಂದು ನೋಡು, ತುಟಿ ಹೇಗೆ ಕೂಡಿ ತೆರೆಯುತ್ತದೆಂದು. ಆಮೇಲೆ ಕೆರೆಯಿಂದ ಎತ್ತಿದ ಗೆಂಡೆಯನ್ನು ನೋಡು. ಅದು ಇವತ್ತಿಗೂ ಕಣ್ಣು ಮಿಟುಕಿಸದೆ ನಿನ್ನನ್ನೇ ನೋಡುತ್ತಾ ದನಿಯಿಲ್ಲದೆ ಅದೊಂದೇ ಮಾತು ಹೇಳುತ್ತಿರುತ್ತದೆ. ಕೇಳಿಸದಿರುವುದು ನಿನ್ನ ಪುಣ್ಯ ಮಗು, ಬೋರಕ್ಕ ಅದಕ್ಕೆ ಬೆಲೆ ಕೊಟ್ಟಿದ್ದಾಳೆ.